ಕಡಲಂಚಿನ ಅಳತೆಗಾರ: ಕಾರ್‌ಸ್ಟೆನ್ ನೀಬೂರ್

ರೋಮಿನ ಪ್ರಾಚೀನ ಇತಿಹಾಸವನ್ನು ಓದಿದವರಿಗೆ ನೀಬೂರ್ ಎಂಬ ಹೆಸರು ಹೊಸದಲ್ಲ. ಹಳೆಯ ಕಟ್ಟುಕಥೆಗಳನ್ನು ಜರಡಿ ಹಿಡಿದು, ಅವುಗಳಲ್ಲಿ ನಂಬತಕ್ಕದ್ದು ಯಾವುದು, ಬಿಡತಕ್ಕದ್ದು ಯಾವುದು ಎಂದು ವಿಚಾರಿಸುವ ಮಾರ್ಗವನ್ನು ಇತಿಹಾಸಕಾರರಿಗೆ ತೋರಿಸಿಕೊಟ್ಟವರಲ್ಲಿ ಬಾರ್ಟೋಲ್ಟ್ ನೀಬೂರನು ಪ್ರಮುಖನು. ಆದರೆ ನಾನು ಇಲ್ಲಿ ಬರೆಯಹೊರಟಿರುವುದು ಆತನ ತಂದೆಯ ವಿಷಯವನ್ನು. ಮಗನು ಗ್ರಂಥಭಂಡಾರಗಳಲ್ಲಿ ಕುಳಿತು ಮಾಡಿದ ಕೆಲಸವನ್ನು ಬಲ್ಲ ನಾವು, ತಂದೆಯಾದ ಕಾರ್‌ಸ್ಟೆನ್ ನೀಬೂರನು ಮರಳುಗಾಡಿನಲ್ಲಿಯೂ ಹಡಗಿನ ಮೇಲೆಯೂ ಮಾಡಿದ ಕೆಲಸವನ್ನು ಅಷ್ಟಾಗಿ ಬಲ್ಲೆವೆಂದು ಹೇಳಲಾರೆವು. ಭೂಗೋಳವನ್ನೂ ಪ್ರಾಚೀನ ಲಿಪಿಗಳನ್ನೂ ಅಭ್ಯಾಸ ಮಾಡುವವರಲ್ಲಿ ಮಾತ್ರ ತಂದೆಯ ಹೆಸರು ಇಂದಿಗೂ ಬಾಳುತ್ತಿದೆ.

ಜರ್ಮನಿಯ ವಾಯವ್ಯ ಮೂಲೆಯಲ್ಲಿ, ಎಲ್ಬೆ ನದಿಯು ಉತ್ತರ ಸಮುದ್ರವನ್ನು ಸೇರುವ ಕಡೆ, ಹಾಡೆಲ್ನ್ ಎಂಬ ಚಿಕ್ಕ ನಾಡೊಂದಿದೆ. ಅಲ್ಲಿನ ಲ್ಯೂಡಿಂಗ್‌ವೋರ್ಟ್ ಎಂಬ ಹಳ್ಳಿಯಲ್ಲಿ 1733ನೆಯ ಇಸವಿ ಮಾರ್ಚ್ 17ರಂದು ನೀಬೂರನು ಹುಟ್ಟಿದನು. ಈ ಊರಿನ ಸ್ವರೂಪವನ್ನು ಸ್ವಲ್ಪ ವಿವರಿಸದೆ ಆತನ ಸ್ವಭಾವವನ್ನು ವಿವರಿಸುವುದು ಸಾಧ್ಯವಿಲ್ಲವೆಂದು ನನಗೆ ತೋರುತ್ತದೆ. ಅದು ಕಡಲಿನಿಂದ ಕಿತ್ತುಕೊಂಡ ನೆಲ. ಕಣ್ಣು ಹಾಯುವವರೆಗೂ ಒಂದು ದಿಬ್ಬವಿಲ್ಲ, ಬಂಡೆಯಿಲ್ಲ. ಹಿಂದಿನ ಕಾಲದ ಜನರು ಉಬ್ಬರದ ನೀರಿನಿಂದ ತಪ್ಪಿಸಿಕೊಳ್ಳಲು ಮಣ್ಣು ಹೊತ್ತು ಗುಡ್ಡೆ ಹಾಕಿ, ಆ ಗುಡ್ಡೆಯ ಮೇಲೆ ಮನೆ ಕಟ್ಟಿಕೊಳ್ಳುತ್ತಿದ್ದರು. ಊರ ಹೆಸರಿನ ಕೊನೆಯಲ್ಲಿರುವ ವೋರ್ಟ್ ಎಂಬ ಮಾತಿಗೆ ಅಂಥ ಗುಡ್ಡೆಯೆಂದೇ ಅರ್ಥ. ತರುವಾಯ ಕಡಲಿಗೆ ಅಡ್ಡಲಾಗಿ ಏರಿಗಳನ್ನು ಕಟ್ಟಿದರು. ನಮ್ಮ ಕೆರೆಯ ಏರಿ ನೀರನ್ನು ಒಳಗೆ ಹಿಡಿದಿಡುತ್ತದೆ. ಅವರ ಏರಿಯಾದರೋ ನೀರನ್ನು ಹೊರಗೆ ತಡೆಯುತ್ತದೆ. ತೂಬುಗಳನ್ನು ಇಳಿತದ ಹೊತ್ತಿನಲ್ಲಿ ತೆರೆದು, ಒಳಗಿನ ಮಳೆಯ ನೀರನ್ನು ಹೊರಕ್ಕೆ ಬಿಟ್ಟು, ಉಬ್ಬರ ಬರುವಷ್ಟರಲ್ಲಿ ಮುಚ್ಚಬೇಕು. ಹೀಗೆ ಕಾಪಾಡಿಕೊಂಡ ಜೇಡಿಮಣ್ಣು ಬಹಳ ಫಲವತ್ತಾದುದು. ಅಲ್ಲಿನ ರೈತರು ಯಾವ ಜಹಗೀರುದಾರನಿಗೂ ತಲೆಬಾಗದೆ ತಮ್ಮದೇ ಸಭೆಯ ಮೂಲಕ ತಮ್ಮ ನಾಡಿನ ವ್ಯವಹಾರವನ್ನು ನಡೆಸಿಕೊಳ್ಳುತ್ತಿದ್ದ ಸ್ವತಂತ್ರರು. ಊರಿನ ಸೇಂಟ್ ಜೇಕಬನ ದೇವಾಲಯವನ್ನು ರೈತರ ಮಹಾದೇವಾಲಯವೆಂದು ಇಂದಿಗೂ ಕರೆಯುತ್ತಾರೆ. 1682–83ರಲ್ಲಿ ಆರ್ಪ್ ಶ್ನಿಟ್ಗರ್ ಎಂಬ ಹೆಸರಾಂತ ಶಿಲ್ಪಿ ಹಿಗ್ಗಿಸಿ ಕಟ್ಟಿದ ಆರ್ಗನ್ ವಾದ್ಯ ಅಲ್ಲಿದೆ. ಹಳ್ಳಿಯ ರೈತರು ಇಂಥ ವಾದ್ಯವನ್ನು ಮಾಡಿಸಿದರೆಂದರೆ ಅವರ ಅನುಕೂಲವನ್ನು ಊಹಿಸಬಹುದು.

ಆ ಅನುಕೂಲಕ್ಕೆ ತೆರಬೇಕಾಗಿದ್ದ ಬೆಲೆಯೂ ದೊಡ್ಡದು. 1717ರ ಕ್ರಿಸ್‌ಮಸ್ ಹಬ್ಬದ ರಾತ್ರಿ ಬಂದ ಬಿರುಗಾಳಿಗೆ ಉತ್ತರ ಸಮುದ್ರದ ತೀರದುದ್ದಕ್ಕೂ ಏರಿಗಳು ಒಡೆದು, ಹಾಲೆಂಡಿನಿಂದ ಡೆನ್ಮಾರ್ಕಿನವರೆಗೆ ಸುಮಾರು 11 ಸಾವಿರ ಜನರು ನೀರುಪಾಲಾದರು. ನೀಬೂರನು ಹುಟ್ಟುವುದಕ್ಕೆ ಹದಿನಾರು ವರ್ಷಗಳ ಹಿಂದಿನ ಮಾತಿದು; ಅವನ ಹಿರಿಯರಿಗೆ ಅದು ಕಥೆಯಾಗಿರಲಿಲ್ಲ, ಕಣ್ಣಾರೆ ಕಂಡದ್ದಾಗಿತ್ತು. ಆದುದರಿಂದ ಆ ಕರಾವಳಿಯ ಕಟ್ಟುಪಾಡು ಕಠಿಣವಾಗಿತ್ತು. ಯಾರಿಗೆ ಎಷ್ಟು ಹೊಲವೋ ಅಷ್ಟಕ್ಕೆ ತಕ್ಕ ಉದ್ದದ ಏರಿಯನ್ನು ಅವನೇ ಕಾಪಾಡಬೇಕು. ಕಾಪಾಡಲಾರದವನು ತನ್ನ ಪಾಲಿನ ಏರಿಯಲ್ಲಿ ಸನಿಕೆಯನ್ನು ನೆಟ್ಟು ಊರು ಬಿಟ್ಟು ಹೋಗಬೇಕು. ಆ ಸನಿಕೆಯನ್ನು ಕಿತ್ತವನಿಗೆ ಹೊಲವೂ ಸೇರುತ್ತದೆ, ಏರಿಯ ಭಾರವೂ ಸೇರುತ್ತದೆ. ಇಂಥ ನಾಡಿನಲ್ಲಿ ಹೊಲದ ಅಳತೆ ಎಂಬುದು ಬರಿಯ ಕಾಗದದ ಲೆಕ್ಕವಲ್ಲ. ಅಳತೆ ತಪ್ಪಿದರೆ ಒಬ್ಬನ ಭಾರ ಇನ್ನೊಬ್ಬನ ತಲೆಗೆ ಬರುತ್ತದೆ. ಭಾರ ತಪ್ಪಿದ ಕಡೆ ಏರಿ ಸಡಿಲವಾಗುತ್ತದೆ. ಏರಿ ಸಡಿಲವಾದರೆ ಊರೇ ಮುಳುಗುತ್ತದೆ.

ನೀಬೂರನಿಗೆ ತಾಯಿಯ ನೆನಪೇ ಇರಲಿಲ್ಲ. ಆಕೆ ಅವನ ಎಳೆತನದಲ್ಲಿಯೇ ತೀರಿಕೊಂಡಿದ್ದಳು. ಹದಿನಾರರ ಸುಮಾರಿಗೆ ತಂದೆಯೂ ಕಾಲವಶನಾದನು. ಆಸ್ತಿ ಪಾಲಾಗಿ ಇವನ ಕೈಗೆ ಸ್ವಲ್ಪ ಹಣ ಬಂದಿತೇ ಹೊರತು ಹೊಲ ಬರಲಿಲ್ಲ. ಕೆಲವು ವರ್ಷ ಸೋದರಮಾವನ ಮನೆಯಲ್ಲಿ ಬೇಸಾಯ ಮಾಡಿಕೊಂಡಿದ್ದನು. ಅಷ್ಟರಲ್ಲಿ ಒಂದು ಹೊಲದ ವಿಸ್ತೀರ್ಣದ ವಿಷಯವಾಗಿ ವ್ಯಾಜ್ಯ ಹುಟ್ಟಿ, ಅದನ್ನು ಅಳೆಯಬಲ್ಲವನು ಇಡೀ ಹಾಡೆಲ್ನ್ ನಾಡಿನಲ್ಲಿ ಒಬ್ಬನೂ ಇಲ್ಲದೆ ಹೊರಗಿನಿಂದ ಮೋಜಣಿದಾರನನ್ನು ಕರೆಸಬೇಕಾಯಿತು. ಇದು ನಾಡಿಗೇ ಅವಮಾನವೆಂದು ಯುವಕನಾದ ನೀಬೂರನಿಗೆ ತೋರಿತಂತೆ. ತಾನೇ ಆ ವಿದ್ಯೆಯನ್ನು ಕಲಿತು ಬಂದು ಊರಿನ ಕೊರತೆಯನ್ನು ನೀಗಬೇಕೆಂದು ನಿಶ್ಚಯಿಸಿದನು. ತಂದೆಯ ಜೀವನಚರಿತ್ರೆಯನ್ನು ಬರೆದ ಬಾರ್ಟೋಲ್ಟನು ಈ ಸಂಗತಿಯನ್ನು ದಾಖಲೆ ಮಾಡಿದ್ದಾನೆ. ಅರಬ್ಬೀ ದೇಶಕ್ಕೆ ಹೋಗುವ ದಾರಿ ಒಂದು ಹಳ್ಳಿಯ ಗಡಿ ತಕರಾರಿನಿಂದ ಆರಂಭವಾಯಿತೆಂಬುದು ವಿಚಿತ್ರವಾದರೂ ನಿಜ.

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವನು ಹ್ಯಾಂಬರ್ಗಿಗೆ ಹೋಗಿ, ತನಗಿಂತ ಬಹಳ ಚಿಕ್ಕವರಾದ ಹುಡುಗರ ಪಕ್ಕದಲ್ಲಿ ಕುಳಿತು ಲ್ಯಾಟಿನ್ ಭಾಷೆಯನ್ನೂ ಗಣಿತವನ್ನೂ ಮೊದಲಿನಿಂದ ಕಲಿಯತೊಡಗಿದನು. 1757ರಲ್ಲಿ ಗಾಟಿಂಗೆನ್ ವಿಶ್ವವಿದ್ಯಾನಿಲಯವನ್ನು ಸೇರಿದನು. ಆ ವಿಶ್ವವಿದ್ಯಾನಿಲಯದಲ್ಲಿ ಮಿಖಾಯೆಲಿಸ್ ಎಂಬ ಬೈಬಲ್ ಪಂಡಿತನಿದ್ದನು. ಬೈಬಲಿನಲ್ಲಿ ಬರುವ ಗಿಡಮರಗಳು, ಪ್ರಾಣಿಗಳು, ಊರುಗಳು, ಕೆಂಪು ಸಮುದ್ರದ ಉಬ್ಬರವಿಳಿತ ಮುಂತಾದವನ್ನು ಸ್ಥಳಕ್ಕೇ ಹೋಗಿ ಪರೀಕ್ಷಿಸಿದರೆ ಎಷ್ಟೋ ಸಂದೇಹಗಳು ಬಗೆಹರಿಯುತ್ತವೆಂದು ಅವನು ಡೆನ್ಮಾರ್ಕಿನ ಮಂತ್ರಿಯಾದ ಬೆರ್ನ್‌ಸ್ಟಾರ್ಫನಿಗೆ ಸೂಚಿಸಿದ್ದನು. ತಮಿಳು ನಾಡಿನ ಕರಾವಳಿಯಲ್ಲಿ ಆಗ ಡೇನರ ವಶದಲ್ಲಿದ್ದ ತರಂಗಂಬಾಡಿಯ ಮಾರ್ಗವಾಗಿ ಒಬ್ಬ ವಿದ್ವಾಂಸನನ್ನು ಅರಬ್ಬೀ ದೇಶಕ್ಕೆ ಕಳುಹಿಸಬೇಕೆಂಬುದು ಮೊದಲ ಯೋಚನೆ. ಅದು ಬೆಳೆದು ಬೆಳೆದು ಒಂದು ತಂಡವೇ ಆಯಿತು. ತಂಡಕ್ಕೆ ಗಣಿತ ಬಲ್ಲವನೊಬ್ಬನು ಬೇಕಾದಾಗ ಅಧ್ಯಾಪಕನಾದ ಕೆಸ್ಟ್ನರನು ನೀಬೂರನನ್ನು ಕರೆದು, ಅರಬ್ಬೀ ದೇಶಕ್ಕೆ ಹೋಗುವೆಯಾ ಎಂದು ಕೇಳಿದನಂತೆ. ಖರ್ಚು ಕೊಡುವವರಿದ್ದರೆ ಏಕೆ ಹೋಗಬಾರದು ಎಂದು ಇವನು ಉತ್ತರ ಕೊಟ್ಟನಂತೆ. ರೈತನ ಮಗನ ಉತ್ತರ!

ಆದರೆ ಒಪ್ಪಿಕೊಂಡ ಮೇಲೆ ಅವನು ಒಂದೂವರೆ ವರ್ಷದ ಸಿದ್ಧತೆಯನ್ನು ಕೇಳಿ ಪಡೆದನು. ಖಗೋಳಶಾಸ್ತ್ರಜ್ಞನಾದ ಟೋಬಿಯಾಸ್ ಮೇಯರನು ಚಂದ್ರನ ಸ್ಥಾನದಿಂದ ರೇಖಾಂಶವನ್ನು ಕಂಡುಹಿಡಿಯುವ ತನ್ನ ಹೊಸ ವಿಧಾನವನ್ನು ಇವನಿಗೆ ಕಲಿಸಿದನು. ಅಂದಿನ ನಾವಿಕರಿಗೆ ಅಕ್ಷಾಂಶ ಸುಲಭವಾಗಿತ್ತು. ರೇಖಾಂಶ ಮಾತ್ರ ಕೈಗೆ ಸಿಕ್ಕದ ವಸ್ತುವಾಗಿತ್ತು. ಚಂದ್ರನು ಒಂದೊಂದು ನಕ್ಷತ್ರದಿಂದ ಎಷ್ಟು ದೂರದಲ್ಲಿದ್ದಾನೆಂದು ಅಳೆದು, ಮೇಯರನ ಕೋಷ್ಟಕಗಳೊಡನೆ ಹೋಲಿಸಿ, ಗಂಟೆಗಟ್ಟಲೆ ಲೆಕ್ಕ ಹಾಕಿದರೆ ಅದು ತಿಳಿಯುತ್ತಿತ್ತು. ಅಂಥ ಲೆಕ್ಕಕ್ಕೆ ಬೇಕಾದುದು ಪ್ರತಿಭೆಗಿಂತ ಹೆಚ್ಚಾಗಿ ತಾಳ್ಮೆ. ಮೇಯರನು 1762ರಲ್ಲಿಯೇ ತೀರಿಕೊಂಡನು. ಅವನ ಕೋಷ್ಟಕಗಳಿಗಾಗಿ ಇಂಗ್ಲೆಂಡಿನ ಸರ್ಕಾರ 1765ರಲ್ಲಿ ಅವನ ವಿಧವೆಗೆ 3000 ಪೌಂಡುಗಳನ್ನು ಕೊಟ್ಟಿತು. ಇತ್ತ ಡೆನ್ಮಾರ್ಕಿನ ಅರಮನೆಯವರು ನೀಬೂರನಿಗೆ ಪ್ರೊಫೆಸರ್ ಎಂಬ ಬಿರುದನ್ನು ಕೊಡಲು ಮುಂದಾದಾಗ, ತನ್ನ ಓದು ಅದಕ್ಕೆ ಸಾಲದೆಂದು ಹೇಳಿ, ಇಂಜಿನಿಯರ್ ದಳದ ಲೆಫ್ಟಿನೆಂಟ್ ಪದವಿಯಷ್ಟನ್ನೇ ಒಪ್ಪಿಕೊಂಡನು. ಬಿರುದಿಗೆ ಹಾತೊರೆಯುವ ವಿದ್ಯಾವಂತರ ನಡುವೆ ಇದೊಂದು ಅಪರೂಪದ ನಡತೆ.

1761ರ ಜನವರಿ ತಿಂಗಳಲ್ಲಿ ತಂಡವು ಕೋಪನ್‌ಹೇಗನ್ನಿನಿಂದ ಯುದ್ಧನೌಕೆಯೊಂದರಲ್ಲಿ ಹೊರಟಿತು. ಅದರಲ್ಲಿದ್ದವರು ಆರು ಮಂದಿ. ಭಾಷಾಪಂಡಿತನಾದ ಡೇನ್ ಫಾನ್ ಹಾವೆನ್, ಲಿನೇಯಸ್‌ನ ಶಿಷ್ಯನೂ ಸಸ್ಯಶಾಸ್ತ್ರಜ್ಞನೂ ಆದ ಸ್ವೀಡನ್ನಿನ ಫಾರ್‌ಸ್ಕೋಲ್, ವೈದ್ಯನಾದ ಕ್ರಾಮರ್, ಚಿತ್ರಕಾರನಾದ ಬೌರೆನ್‌ಫೈಂಡ್, ಪರಿಚಾರಕನಾದ ಬೆರ್ಗ್‌ಗ್ರೆನ್, ಇವರೊಡನೆ ನೀಬೂರ್. ತಂಡಕ್ಕೆ ನಾಯಕನೆಂಬವನನ್ನು ಅರಸನು ನೇಮಿಸಿರಲಿಲ್ಲ. ಪರಿಚಾರಕನನ್ನು ಬಿಟ್ಟು ಐವರೂ ಸಮಾನರು. ಹಣದ ಪೆಟ್ಟಿಗೆಯನ್ನು ಮಾತ್ರ ನೀಬೂರನಿಗೆ ಒಪ್ಪಿಸಿದ್ದರು. ನಾಯಕನಿಲ್ಲದ ಈ ಏರ್ಪಾಟು ಜಗಳಕ್ಕೆ ದಾರಿಯಾಯಿತು. ಫಾನ್ ಹಾವೆನನಿಗೂ ಫಾರ್‌ಸ್ಕೋಲನಿಗೂ ಎಣ್ಣೆ ಸೀಗೆಯ ಸಂಬಂಧ. ಕಾನ್‌ಸ್ಟಾಂಟಿನೋಪಲಿನಲ್ಲಿ ಫಾನ್ ಹಾವೆನನು ಪಾಷಾಣವನ್ನು ಕೊಂಡನೆಂದು ತಿಳಿದಾಗ, ತಮಗೆ ವಿಷವಿಕ್ಕುವುದಕ್ಕೇ ಇರಬೇಕೆಂದು ಮಿಕ್ಕವರು ಭಯಪಟ್ಟು ಅಲ್ಲಿದ್ದ ಡೆನ್ಮಾರ್ಕಿನ ರಾಯಭಾರಿಗೆ ದೂರು ಬರೆದರು. ವಿಷಪ್ರಯೋಗವೇನೂ ನಡೆಯಲಿಲ್ಲ. ಆದರೆ ಅನಂತರದ ದಿನಗಳಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದ ಇವರ ಮನಃಸ್ಥಿತಿಯನ್ನು ಓದುಗರು ಊಹಿಸಿಕೊಳ್ಳಬಹುದು. ಫಾನ್ ಹಾವೆನನಿಗೆ ಅನ್ಯಾಯವಾಗದಂತೆ ಒಂದು ಮಾತನ್ನು ಹೇಳಬೇಕು: ಸೋಮಾರಿಯೆಂದು ಎಲ್ಲರೂ ದೂರುವ ಅವನು ಕೋಪನ್‌ಹೇಗನ್ನಿನ ರಾಜಗ್ರಂಥಾಲಯಕ್ಕಾಗಿ ನೂರಕ್ಕೂ ಹೆಚ್ಚು ಹಸ್ತಪ್ರತಿಗಳನ್ನು ಸಂಗ್ರಹಿಸಿದನು.

ಈಜಿಪ್ಟಿನಲ್ಲಿ ಒಂದು ವರ್ಷ ಕಳೆಯಿತು. ನೀಬೂರನು ಕೈರೋ ನಗರದ ನಕ್ಷೆಯನ್ನು ತಯಾರಿಸಿದನು. ಯಾರೂ ಓದಲಾರದ ಚಿತ್ರಲಿಪಿಯ ಶಾಸನಗಳನ್ನು ನಕಲು ಮಾಡಿದನು. ಸಿನಾಯ್ ಬೆಟ್ಟದ ಮಠದಲ್ಲಿದ್ದ ಹಸ್ತಪ್ರತಿಗಳನ್ನು ನೋಡಬೇಕೆಂದು ಅಷ್ಟು ದೂರ ಹೋದರೆ, ಬಿಷಪ್ಪನ ಪತ್ರವಿಲ್ಲವೆಂಬ ಕಾರಣದಿಂದ ಸಂನ್ಯಾಸಿಗಳು ಬಾಗಿಲನ್ನೇ ತೆರೆಯಲಿಲ್ಲ. 1762ರ ಕೊನೆಗೆ ಯೆಮೆನ್ ದೇಶದ ಲೊಹೇಯ ರೇವಿನಲ್ಲಿ ಇಳಿದರು. ಅಲ್ಲಿನ ಕೆಲವು ತಿಂಗಳುಗಳು ಇಡೀ ಪ್ರಯಾಣದಲ್ಲಿ ಸುಖದ ಕಾಲ. ಜನರು ಸಜ್ಜನರು. ನೀಬೂರನೂ ಬೌರೆನ್‌ಫೈಂಡನೂ ಸಂಜೆ ಪಿಟೀಲು ನುಡಿಸಿದರೆ ದಾರಿಹೋಕರು ನಿಂತು ಕೇಳುತ್ತಿದ್ದರಂತೆ. ಫಾರ್‌ಸ್ಕೋಲನು ಕಾಫಿ ಬೆಳೆಯುವ ಬೆಟ್ಟಗಳಲ್ಲಿ ಗಿಡ ಹುಡುಕಿಕೊಂಡು ಅಲೆದನು. ನೀಬೂರನು ಬಾಡಿಗೆಯ ಕತ್ತೆಯೊಂದನ್ನು ಹಿಡಿದು, ಸಾಮಾನ್ಯ ಅರಬ್ಬನ ಉಡುಪಿನಲ್ಲಿ ಊರಿಂದೂರಿಗೆ ತಿರುಗಿ ದಾರಿಗಳನ್ನು ಅಳೆದನು. ಯೆಮೆನ್ ದೇಶದ ನಂಬಿಕೆಗೆ ಅರ್ಹವಾದ ಮೊದಲ ಭೂಪಟ ಹೀಗೆ ಕತ್ತೆಯ ಬೆನ್ನಿನ ಮೇಲೆ ಸಿದ್ಧವಾಯಿತು.

ಮೋಕಾ ಪಟ್ಟಣಕ್ಕೆ ಬಂದಾಗ ಕಷ್ಟದ ದಿನಗಳು ಮೊದಲಾದವು. ಫಾರ್‌ಸ್ಕೋಲನು ಮದ್ಯಸಾರದಲ್ಲಿ ಹಾಕಿಟ್ಟಿದ್ದ ಜಲಜಂತುಗಳ ಸೀಸೆಗಳನ್ನು ಸುಂಕದ ಕಟ್ಟೆಯವರು ತೆರೆದು, ನಾತವನ್ನು ತಾಳಲಾರದೆ ಅವನ ಸಾಮಾನನ್ನು ಕಿಟಕಿಯಿಂದ ಹೊರಗೆ ಎಸೆದರು. 1763ರ ಮೇ 25ರಂದು ಫಾನ್ ಹಾವೆನನು ಜ್ವರದಿಂದ ತೀರಿಕೊಂಡನು. ಉಳಿದವರು ರಾಜಧಾನಿಯಾದ ಸನಾ ಕಡೆಗೆ ಹೊರಟರು. ದಾರಿಯಲ್ಲಿ ಫಾರ್‌ಸ್ಕೋಲನಿಗೆ ಜ್ವರ ಬಂದಿತು. ಜುಲೈ 11ರಂದು ಯರೀಮ್ ಎಂಬ ಊರಿನಲ್ಲಿ ಅವನೂ ತೀರಿಕೊಂಡನು. ವಯಸ್ಸು ಮೂವತ್ತೊಂದು. ಪೆಟ್ಟಿಗೆಯಲ್ಲಿಟ್ಟು ಹೂಳಿದ್ದರಿಂದ ಅದರಲ್ಲಿ ನಿಧಿ ಇರಬೇಕೆಂದು ಯಾರೋ ಗೋರಿಯನ್ನು ಅಗೆದರೆಂದು ನೀಬೂರನಿಗೆ ಅನಂತರ ತಿಳಿಯಿತು. ಸನಾದಲ್ಲಿ ಇಮಾಮನು ಮರ್ಯಾದೆಯಿಂದ ಕಂಡು ಉಡುಗೊರೆ ಕೊಟ್ಟನು. ಆದರೆ ಅಲ್ಲಿ ನಿಲ್ಲುವ ಧೈರ್ಯ ಯಾರಿಗೂ ಉಳಿದಿರಲಿಲ್ಲ. ಮೋಕಾಕ್ಕೆ ಓಡಿಬಂದು ಬೊಂಬಾಯಿಗೆ ಹೊರಟಿದ್ದ ಇಂಗ್ಲಿಷ್ ಹಡಗನ್ನು ಹತ್ತಿದರು. ಆಗಸ್ಟ್ 29ರಂದು ಬೌರೆನ್‌ಫೈಂಡ್, ಮರುದಿನ ಬೆರ್ಗ್‌ಗ್ರೆನ್. ಇಬ್ಬರ ಶವಗಳನ್ನೂ ಸಮುದ್ರಕ್ಕೆ ಇಳಿಸಿದರು. ಬೊಂಬಾಯಿಯಲ್ಲಿ 1764ರ ಫೆಬ್ರವರಿ 10ರಂದು ಕ್ರಾಮರನೂ ಹೋದನು. ವೈದ್ಯನೂ ಹೋದ ಮೇಲೆ ಉಳಿದವನು ನೀಬೂರನೊಬ್ಬನೇ.

ಊಟದ ಪದ್ಧತಿಯನ್ನು ದೇಶಕ್ಕೆ ತಕ್ಕಂತೆ ಬದಲಾಯಿಸಿಕೊಳ್ಳದೆ ಯೂರೋಪಿಯನ್ನರಂತೆಯೇ ಉಂಡು ತಿರುಗಿದ್ದೇ ಗೆಳೆಯರ ಸಾವಿಗೆ ಕಾರಣವೆಂದು ನೀಬೂರನು ನಂಬಿದ್ದನು. ಅದು ಮಲೇರಿಯ ಜ್ವರವೆಂದು ಇಂದು ನಾವು ತಿಳಿಯುತ್ತೇವೆ. ಅದನ್ನು ಹರಡುವುದು ಸೊಳ್ಳೆಯೆಂದು ರೊನಾಲ್ಡ್ ರಾಸನು ಸಿಕಂದರಾಬಾದಿನಲ್ಲಿ ತೋರಿಸಿಕೊಟ್ಟದ್ದು 1897ರಲ್ಲಿ. ನೀಬೂರನು ಹುಟ್ಟಿದ ಜೌಗುನಾಡಿನಲ್ಲಿಯೂ ಆ ಕಾಲದಲ್ಲಿ ಈ ಜಾತಿಯ ಜ್ವರ ಸಾಮಾನ್ಯವಾಗಿತ್ತು. ಹುಟ್ಟೂರಿನ ಜ್ವರವೇ ಅವನನ್ನು ಗಟ್ಟಿಮಾಡಿ ಉಳಿಸಿತೆಂದು ಹೇಳಿಬಿಡಲು ಮನಸ್ಸಾಗುತ್ತದೆ. ಆದರೆ ಅಷ್ಟು ದೂರ ಹೋಗಲು ನಮ್ಮಲ್ಲಿ ಆಧಾರವಿಲ್ಲ.

ಇಲ್ಲಿಂದ ಮುಂದಿನ ನೀಬೂರನೇ ನನಗೆ ಅತ್ಯಂತ ಪ್ರಿಯನಾದವನು. ಅವನೂ ಜ್ವರದಿಂದ ಬಳಲಿದ್ದನು. ತಂಡವೇ ಇಲ್ಲವಾದ ಮೇಲೆ ಅವನು ನೆಟ್ಟಗೆ ಊರಿಗೆ ಹೋಗಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಆದರೆ ಬೊಂಬಾಯಿಯಲ್ಲಿ ಸುಮಾರು ಹದಿನಾಲ್ಕು ತಿಂಗಳಿದ್ದು, ಇಂಗ್ಲಿಷ್ ಕಲಿತು, ಸೂರತ್ತನ್ನು ನೋಡಿ ಬಂದನು. ಘಾರಾಪುರಿಯ ಎಲಿಫೆಂಟಾ ಗುಹೆಗೆ ಮತ್ತೆ ಮತ್ತೆ ಹೋಗಿ ಕಂಬಗಳನ್ನೂ ಅಂಕಣಗಳನ್ನೂ ಅಳೆದು ನಕಾಶೆ ಬರೆದನು. ಅದಕ್ಕೆ ಮೊದಲು ಆ ಗುಹೆಯ ವಿಷಯವಾಗಿ ಯೂರೋಪಿನಲ್ಲಿ ಓಡಾಡುತ್ತಿದ್ದುದು ಬಹುಪಾಲು ಉತ್ಪ್ರೇಕ್ಷೆಯ ಮಾತುಗಳು. ಸಂಸ್ಕೃತವಾಗಲಿ ನಮ್ಮ ಪುರಾಣಗಳಾಗಲಿ ತಿಳಿಯದ ಅವನು ಆ ಮೂರ್ತಿಗಳ ಅರ್ಥವನ್ನು ಬಿಡಿಸಲಾರದೆ ಹೋದನು. ತಿಳಿಯದುದನ್ನು ತಿಳಿದಂತೆ ಬರೆಯದೆ, ಕಣ್ಣಿಗೆ ಕಂಡುದನ್ನು ಅಳತೆಯೊಡನೆ ಕೊಟ್ಟನೆಂಬುದೇ ಅವನ ದೊಡ್ಡತನ. ಆಗ ಚಿತ್ರಕಾರನಿರಲಿಲ್ಲ, ಚಿತ್ರವನ್ನೂ ಅವನೇ ಬರೆಯಬೇಕಾಯಿತು. ಸಸ್ಯಶಾಸ್ತ್ರಜ್ಞನ ಕಾಗದಗಳು, ಭಾಷಾಪಂಡಿತನ ಪ್ರಶ್ನೆಗಳು, ಎಲ್ಲರ ಲೆಕ್ಕಪತ್ರಗಳು, ಎಲ್ಲವೂ ಅವನ ಹೆಗಲಿಗೇ ಬಂದಿದ್ದವು.

1764ರ ಡಿಸೆಂಬರಿನಲ್ಲಿ ಬೊಂಬಾಯಿಯನ್ನು ಬಿಟ್ಟು, ಮಸ್ಕತ್ ಮಾರ್ಗವಾಗಿ ಪರ್ಷಿಯಕ್ಕೆ ಹೋದನು. ಒಬ್ಬಂಟಿಗನಾದ ಮೇಲೆ ಅವನ ಪ್ರಯಾಣದ ರೀತಿಯೇ ಬದಲಾಯಿತು. ಸ್ಥಳದವರ ಉಡುಪು, ಸ್ಥಳದವರ ಊಟ, ಅಬ್ದುಲ್ಲಾ ಎಂಬ ಹೆಸರು. ಸಾಮಾನು ಆದಷ್ಟು ಕಡಮೆ. 1765ರ ಮಾರ್ಚ್ ತಿಂಗಳಲ್ಲಿ ಪರ್ಸಿಪೊಲಿಸ್ ತಲುಪಿದನು. ಅಲೆಕ್ಸಾಂಡರನ ಕಾಲದಲ್ಲಿ ಸುಟ್ಟುಹೋದ ದಾರಿಯವುಷರ ಅರಮನೆಯ ಹಾಳು ಅದು. ಕಲ್ಲುಗಳ ಮೇಲೆ ಬೆಣೆಯಾಕಾರದ ಗೀಟುಗಳಿಂದಾದ ಬರಹವಿತ್ತು. ಅದು ಲಿಪಿಯೋ ಅಲಂಕಾರವೋ ಎಂಬುದೇ ಪಂಡಿತರಲ್ಲಿ ಚರ್ಚೆಯ ವಿಷಯವಾಗಿತ್ತು. ಮೂರು ವಾರಕ್ಕೂ ಹೆಚ್ಚು ಕಾಲ ಬೆಳಗಿನಿಂದ ಸಂಜೆಯವರೆಗೆ, ಬಿಸಿಲಿನಲ್ಲಿ ಹೊಳೆಯುವ ಕಲ್ಲಿನ ಮುಂದೆ ನಿಂತು, ಒಂದೊಂದು ಗೀಟನ್ನೂ ನೋಡಿ ನೋಡಿ ನಕಲು ಮಾಡಿದನು. ಅವನ ಕಣ್ಣುಗಳು ಕೆಡಲಾರಂಭಿಸಿದ್ದು ಆಗಲೇ ಎನ್ನುತ್ತಾರೆ. ಓದಲಾರದ ಬರಹವನ್ನು ತಪ್ಪಿಲ್ಲದೆ ನಕಲು ಮಾಡುವುದು ಎಷ್ಟು ಕಷ್ಟವೆಂಬುದು ಶಾಸನಗಳೊಡನೆ ಪರಿಚಯವುಳ್ಳ ನಮ್ಮ ಅಧ್ಯಾಪಕರಿಗೆ ಗೊತ್ತು. ಬರಹವು ಎಡದಿಂದ ಬಲಕ್ಕೆ ಹೋಗುತ್ತದೆಂದೂ, ಅಲ್ಲಿರುವುದು ಒಂದಲ್ಲ ಮೂರು ಬೇರೆ ಬೇರೆ ಬಗೆಯ ಬರಹಗಳೆಂದೂ, ಅವುಗಳಲ್ಲಿ ಸರಳವಾದುದರಲ್ಲಿ ಸುಮಾರು 42 ಅಕ್ಷರಗಳಿವೆಯೆಂದೂ ಅವನು ಗುರುತಿಸಿದನು. ಇದರ ಫಲ ಕಾಣಿಸಿದ್ದು ಮೂವತ್ತೇಳು ವರ್ಷಗಳ ತರುವಾಯ. 1802ರಲ್ಲಿ ಗಾಟಿಂಗೆನ್ನಿನ ಶಾಲಾ ಉಪಾಧ್ಯಾಯನಾದ ಗ್ರೋಟೆಫೆಂಡನು ಈ ನಕಲುಗಳನ್ನು ಮುಂದಿಟ್ಟುಕೊಂಡು ಅವುಗಳಲ್ಲಿ ದಾರಿಯವುಷ್, ಕ್ಸರ್ಕ್ಸೀಸ್ ಎಂಬ ಅರಸರ ಹೆಸರುಗಳನ್ನು ಓದಿದನು. ಬಾಬಿಲೋನ್, ಅಸ್ಸೀರಿಯಗಳ ಚರಿತ್ರೆಗೆ ಅದೇ ಮೊದಲ ಬೀಗದ ಕೈ.

ಬಸ್ರಾ, ಬಾಗ್ದಾದ್, ಮೋಸುಲ್, ಅಲೆಪ್ಪೊ, ಜೆರೂಸಲೆಮ್‌ಗಳನ್ನು ಹಾದು, 1767ರ ನವೆಂಬರಿನಲ್ಲಿ ನೀಬೂರನು ಕೋಪನ್‌ಹೇಗನ್ನಿಗೆ ಬಂದನು. ಹೊರಟು ಹೆಚ್ಚು ಕಡಮೆ ಏಳು ವರ್ಷವಾಗಿತ್ತು. ಕಳುಹಿಸಿದ ಅರಸ ಐದನೆಯ ಫ್ರೆಡರಿಕನು ಹಿಂದಿನ ವರ್ಷವೇ ತೀರಿಕೊಂಡಿದ್ದನು. ಬೆರ್ನ್‌ಸ್ಟಾರ್ಫನು 1770ರಲ್ಲಿ ಅಧಿಕಾರವನ್ನು ಕಳೆದುಕೊಂಡನು. ಅರಮನೆಯಲ್ಲಿ ಈಗ ಅರಬ್ಬೀ ದೇಶದ ಹಂಬಲ ಯಾರಿಗಿತ್ತು? ಪುಸ್ತಕಗಳ ಅಚ್ಚಿನ ವೆಚ್ಚದ ಬಹುಭಾಗವನ್ನು ನೀಬೂರನೇ ಹೊರಬೇಕಾಯಿತು. ಅರಬ್ಬೀ ದೇಶದ ವರ್ಣನೆ 1772ರಲ್ಲಿಯೂ, ಪ್ರವಾಸಕಥನದ ಮೊದಲೆರಡು ಸಂಪುಟಗಳು 1774 ಮತ್ತು 1778ರಲ್ಲಿಯೂ ಹೊರಬಂದವು. ಈ ನಡುವೆ 1775, 1776ರಲ್ಲಿ ಅವನು ಮತ್ತೊಂದು ಕೆಲಸವನ್ನು ಮುಗಿಸಿದನು. ಫಾರ್‌ಸ್ಕೋಲನು ಬಿಟ್ಟುಹೋಗಿದ್ದ ಸಸ್ಯ ಪ್ರಾಣಿಗಳ ಟಿಪ್ಪಣಿಗಳನ್ನು ಕ್ರಮಪಡಿಸಿ, ಫಾರ್‌ಸ್ಕೋಲನ ಹೆಸರಿನಲ್ಲಿಯೇ ಗ್ರಂಥಗಳಾಗಿ ಪ್ರಕಟಿಸಿದನು. ಸಸ್ಯಶಾಸ್ತ್ರ ತನ್ನ ವಿಷಯವಲ್ಲವೆಂದು ಅವನು ತಪ್ಪಿಸಿಕೊಳ್ಳಬಹುದಾಗಿತ್ತು. ಅವನು ಕೈಬಿಟ್ಟಿದ್ದರೆ ಆ ತರುಣನ ಹೆಸರು ಯರೀಮಿನ ಗೋರಿಯೊಡನೆಯೇ ಮುಗಿಯುತ್ತಿತ್ತು. ಫಾರ್‌ಸ್ಕೋಲನು ಗಿಡಗಳಂತೆ ಕಾಗದಕ್ಕೆ ಅಂಟಿಸಿ ಒಣಗಿಸಿದ್ದ ಕೆಂಪು ಸಮುದ್ರದ ಮೀನುಗಳನ್ನು ಕೋಪನ್‌ಹೇಗನ್ನಿನಲ್ಲಿ ಇಂದಿಗೂ ಕಾಪಾಡಿಟ್ಟಿದ್ದಾರೆ.

ನೀಬೂರನನ್ನು ನಾರ್ವೆಯ ಮೋಜಣಿಗೆ ಕಳುಹಿಸುವ ಮಾತು ಬಂದಾಗ ಅವನು ಒಪ್ಪದೆ, ಸೈನ್ಯದ ಕೆಲಸವನ್ನೇ ಬಿಟ್ಟು, ಮೆಲ್‌ಡಾರ್ಫ್ ಎಂಬ ಸಣ್ಣ ಊರಿನ ಬರವಣಿಗೆಯ ಹುದ್ದೆಯನ್ನು ಕೇಳಿಕೊಂಡನು. ಆಗ ಡೆನ್ಮಾರ್ಕಿನ ಅರಸನಿಗೆ ಸೇರಿದ್ದ ಡಿಟ್‌ಮಾರ್ಷೆನ್ ಪ್ರಾಂತದ ಊರು ಅದು. ಆ ಹುದ್ದೆ ಹಿಂದೆ ನಮ್ಮಲ್ಲಿದ್ದ ಶಾನುಭೋಗಿಕೆಗಿಂತ ದೊಡ್ಡದು, ಆದರೆ ಅದೇ ಜಾತಿಯದು: ಕಂದಾಯ, ಲೆಕ್ಕ, ದಾಖಲೆ. 1778ರಲ್ಲಿ ಹೆಂಡತಿ ಮಕ್ಕಳೊಡನೆ ಅಲ್ಲಿಗೆ ಹೋದನು. ಎಲ್ಬೆಯ ಮುಖದ ದಕ್ಷಿಣದ ಜೌಗುನೆಲದಲ್ಲಿ ಹುಟ್ಟಿದವನು ಉತ್ತರದ ಜೌಗುನೆಲದಲ್ಲಿ ಬಂದು ನಿಂತನು. ಅದೇ ಏರಿ, ಅದೇ ತೂಬು, ಅದೇ ಹಟಮಾರಿ ರೈತರು. ಇವರ ಪೂರ್ವಿಕರು 1500ರಲ್ಲಿ ಮೆಲ್‌ಡಾರ್ಫಿನ ಹತ್ತಿರ ಕಡಲ ನೀರನ್ನು ಹೊಲಗಳ ಮೇಲೆ ಬಿಟ್ಟು, ದಂಡೆತ್ತಿ ಬಂದ ಡೆನ್ಮಾರ್ಕಿನ ಅರಸನ ಸೈನ್ಯವನ್ನು ಕೆಸರಿನಲ್ಲಿ ಹೂತವರು. ಜಗತ್ತು ಸುತ್ತಿದ ಈ ಪ್ರವಾಸಿಗೆ ಇದು ಹಿಂಬಡ್ತಿಯೆಂದು ಕೆಲವರು ಬರೆದಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಮೋಜಣಿ ಕಲಿತು ಹಳ್ಳಿಗೆ ಹಿಂದಿರುಗಬೇಕೆಂದಲ್ಲವೇ ಅವನು ಮನೆ ಬಿಟ್ಟದ್ದು?

ಅಲ್ಲಿ ಅವನು ಮೂವತ್ತೇಳು ವರ್ಷ ಬಾಳಿದನು. ಮಗ ಬಾರ್ಟೋಲ್ಟನಿಗೆ ತಾನೇ ಭೂಗೋಳವನ್ನೂ ಭಾಷೆಗಳನ್ನೂ ಕಲಿಸಿದನು. ಸಂಜೆಯ ಹೊತ್ತು ಅರಬ್ಬೀ ದೇಶದ ಕಥೆಗಳನ್ನು ಹೇಳಿದನು. 1802ರಲ್ಲಿ ಫ್ರಾನ್ಸಿನ ವಿದ್ವತ್ಸಂಸ್ಥೆ ಅವನನ್ನು ವಿದೇಶೀ ಸದಸ್ಯನನ್ನಾಗಿ ಆರಿಸಿತು. ಮುಪ್ಪಿನಲ್ಲಿ ಕಣ್ಣು ಪೂರ್ತಿ ಹೋಯಿತು. ಹೊರಗಿನದೇನೂ ಕಾಣದ ಆ ದಿನಗಳಲ್ಲಿ ಪೂರ್ವದೇಶದಲ್ಲಿ ಕಂಡ ಎಲ್ಲವೂ, ಅದರಲ್ಲಿಯೂ ಏಷ್ಯದ ರಾತ್ರಿಯ ಆಳವಾದ ಆಕಾಶವೂ ಅದರ ನಕ್ಷತ್ರಗಳೂ, ಒಂದೂ ಮಾಸದೆ ಕಣ್ಣ ಮುಂದೆ ಬರುತ್ತವೆಂದು ಅವನು ಮನೆಯವರೊಡನೆ ಹೇಳುತ್ತಿದ್ದನಂತೆ. 1815ರ ಏಪ್ರಿಲ್ 26ರಂದು, ಎಂಬತ್ತೆರಡನೆಯ ವಯಸ್ಸಿನಲ್ಲಿ, ಮೆಲ್‌ಡಾರ್ಫಿನಲ್ಲಿಯೇ ತೀರಿಕೊಂಡನು. ಹಣವಿಲ್ಲದೆ ನಿಂತುಹೋಗಿದ್ದ ಪ್ರವಾಸಕಥನದ ಮೂರನೆಯ ಸಂಪುಟ 1837ರಲ್ಲಿ ಅಚ್ಚಾಯಿತು. ಅಷ್ಟರಲ್ಲಿ ಮಗ ಬಾರ್ಟೋಲ್ಟನೂ ತೀರಿಕೊಂಡು ಆರು ವರ್ಷವಾಗಿತ್ತು. ಹುಟ್ಟೂರಾದ ಲ್ಯೂಡಿಂಗ್‌ವೋರ್ಟನ್ನು 1972ರಲ್ಲಿ ನೆರೆಯ ಕುಕ್ಸ್‌ಹಾಫೆನ್ ನಗರದೊಡನೆ ಸೇರಿಸಿದರು.